ವೀರಭದ್ರಜ್ಜನ ಬೆನ್ನು

ನಮ್ಮೂರಲ್ಲಿ ಹೆಣ್ಣು ಕೇಳಲು ಹೋದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಆ ಮನೆಯ ಗೋಡೆಯನ್ನು. ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಪಟಗಳಿರುತ್ತವೆ. ಪಟದೊಳಗಿನವರು ಎದುರಿಗೆ ಮುಖ ಮಾಡಿ ಕೂತಿದ್ದರೆ ಮನೆಯವರ ಮಾತನ್ನು ನಂಬಬಹುದು. ಬೆನ್ನು ತೋರಿಸಿಕೊಂಡು ಕೂತಿದ್ದರೆ, ಮನೆಯವರು ಆ ಹಿರಿಯರು ಸತ್ತ ಬಗ್ಗೆ ಏನೋ ಬುರುಡೆ ಬಿಡುತ್ತಿದ್ದಾರೆ ಎಂದೇ ಲೆಕ್ಕ. ನಮ್ಮೂರ ಸತ್ತವರು ಬೇರೆ ಸುಳ್ಳುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವಯಸ್ಸು, ಓದು, ಕಾಯಿಲೆ, ಏನು ಬೇಕಾದರೂ ಕೂಡಿಸಿ ಕಳೆದು ಹೇಳಿಕೊಳ್ಳಿ, ಪಟ ಅಲುಗುವುದಿಲ್ಲ. ತಾವು ಸತ್ತದ್ದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಬೇಕು. ಇಲ್ಲವಾದರೆ ಪಟದೊಳಗೇ ಆ ಕಡೆ ತಿರುಗಿ ಕೂತುಬಿಡುತ್ತಾರೆ. ಚೌಕಟ್ಟನ್ನು ಇಳಿಸಿ ಹಿಂದುಮುಂದು ಮಾಡಿ ನೋಡಿದವರೂ ಇದ್ದಾರೆ. ಹಿಂದೆ ರಟ್ಟು ಇರುತ್ತದೆ, ಅಷ್ಟೆ.

ನಾನು ಈ ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಬೇರೆ ಊರಿನ ಸ್ಟುಡಿಯೋದಲ್ಲಿ ಒಂದು ಕನ್ನಡಿ ಇರುತ್ತದಂತೆ, ನನ್ನಲ್ಲಿ ಎರಡಿವೆ, ಮುಂದೊಂದು ಹಿಂದೊಂದು. ವಯಸ್ಸಾದವರು ಪಟ ತೆಗೆಸಲು ಬಂದರೆ ಮುಂದಲೆಗಿಂತ ಹೆಚ್ಚು ಹೊತ್ತು ಹಿಂದಲೆ ಬಾಚಿಕೊಳ್ಳುತ್ತಾರೆ. "ಕುತ್ತಿಗೆ ಹತ್ರ ಕೂದ್ಲು ಸರಿ ಐತೇನಪ್ಪ? ನಾಳೆ ನಮ್ಮ ಹುಡುಗ್ರು ಏನು ಕತೆ ಕಟ್ತಾವೋ ಯಾರಿಗೊತ್ತು" ಎನ್ನುತ್ತಾರೆ. ಇಲ್ಲಿನ ದರ್ಜಿಗಳಿಗೂ ಇದು ಗೊತ್ತು. ಕೋಟು ಹೊಲಿಯುವಾಗ ಒಳ್ಳೆಯ ಬಟ್ಟೆಯನ್ನು ಬೆನ್ನಿಗೆ ಹಾಕಿ, ಉಳಿದ ತುಂಡನ್ನು ಎದೆಗೆ ಹೊಂದಿಸಿಬಿಡುತ್ತಾರೆ. ಗಿರಾಕಿಯೂ ತಕರಾರು ಮಾಡುವುದಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಅಜ್ಜ ವೀರಭದ್ರಪ್ಪನ ಪಟ ಇದೆ. ಅಜ್ಜ ಎಂದರೆ ನನಗೆ ಒಂದು ದೊಡ್ಡ ರುಮಾಲು, ಅಗಲವಾದ ಕರೀ ಕೋಟು, ರುಮಾಲಿನ ಕೆಳಗೆ ಇಣುಕುವ ಎರಡು ಕಿವಿ, ಎಡಗಿವಿಯ ಹಿಂದೆ ಒಂದು ಮಚ್ಚೆ. ಹುಟ್ಟಿದಾಗಿನಿಂದ ಇಷ್ಟೇ ನೋಡಿದ್ದೇನೆ. ಹಬ್ಬದ ದಿನ ಆ ಬೆನ್ನಿಗೇ ಹಾರ ಹಾಕಿ, ಆ ಬೆನ್ನಿಗೇ ಕೈಮುಗಿದು ಊಟಕ್ಕೆ ಕೂತಿದ್ದೇವೆ. ಅಜ್ಜ ಸತ್ತಾಗ ನನ್ನ ಅಪ್ಪ ತೊಟ್ಟಿಲ ಮಗು. ಅವನೂ ಆ ಕಿವಿಗಳನ್ನೇ ನೋಡುತ್ತ ಬೆಳೆದು, ತಲೆ ನೆರೆತು, ಹೋಗಿಬಿಟ್ಟ. ಅಪ್ಪನ ಪಟ ನೆಟ್ಟಗೆ ಎದುರಿಗೇ ನೋಡುತ್ತದೆ, ಯಾಕೆಂದರೆ ಅವನ ಸಾವಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಅಜ್ಜನ ಮುಖ ನೋಡಿದ್ದವಳು ಬದುಕಿರುವವರಲ್ಲಿ ಒಬ್ಬಳೇ. ಅವಳು ಅಪ್ಪನ ಅಕ್ಕ, ನನ್ನ ಸೋದರತ್ತೆ ಹಾಲಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿ, ಮದುವೆ ಮಾಡಿ, ಈಗ ಎಪ್ಪತ್ತರ ಹತ್ತಿರ ಬಂದರೂ ಮನೆಯ ಯಜಮಾನಿಕೆ ಬಿಡದವಳು. ಅವಳ ಮಡಿಲಲ್ಲಿ ಯಾವಾಗಲೂ ಒಂದು ಬಿಳಿ ಬೆಕ್ಕು ಇರಬೇಕು. ಒಂದು ಸತ್ತರೆ ಇನ್ನೊಂದು ಬರುತ್ತದೆ, ಬಿಳಿಯದೇ ಆಗಬೇಕು. ಅಜ್ಜ ಹೋದಾಗ ಅವಳಿಗೆ ಆರು ವರ್ಷ. ಆ ಮುಖ ಅವಳಿಗೆ ನೆನಪಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳದೆ ಹುರಿಮೀಸೆ, ಕೆಂಡದಂಥ ಕಣ್ಣು ಎಂದೆಲ್ಲ ವರ್ಣಿಸುತ್ತಿದ್ದಳು.

ಅಜ್ಜ ಸತ್ತದ್ದು ಚಿರತೆಯೊಂದಿಗೆ ಹೋರಾಡಿ. ಇದು ಅಜ್ಜಿ ಅತ್ತೆಗೆ ಹೇಳಿದ್ದು, ಅತ್ತೆ ಊರಿಗೆ ಹೇಳಿದ್ದು. ಹಿತ್ತಿಲಿಗೆ ಚಿರತೆ ಬಂತು, ಅಜ್ಜ ಬರಿಗೈಯಲ್ಲಿ ಅದರ ಗಂಟಲು ಹಿಡಿದ, ಇಬ್ಬರೂ ಒಟ್ಟಿಗೆ ನೆಲಕ್ಕುರುಳಿದರು. ನಾನು ಚಿಕ್ಕವನಿದ್ದಾಗ ಆ ಚಿರತೆ ಕರುವಿನಷ್ಟಿತ್ತು. ನನ್ನ ಮದುವೆಯ ಹೊತ್ತಿಗೆ ಎಮ್ಮೆಯಷ್ಟಾಗಿತ್ತು. ಹಾಗಾದರೆ ಅಜ್ಜ ಬೆನ್ನು ಯಾಕೆ ತಿರುಗಿಸಿದ ಎಂದು ಯಾರಾದರೂ ಕೇಳಿದರೆ ಅತ್ತೆಯ ಬಳಿ ಉತ್ತರ ಸಿದ್ಧವಾಗಿತ್ತು. "ನಮ್ಮಪ್ಪಂಗೆ ಹೊಗಳಿಕೆ ಆಗಿಬರಲ್ಲ. ನಾಚ್ಕೊಂಡು ಆ ಕಡೆ ತಿರುಗ್ತಾನೆ" ಎನ್ನುತ್ತಿದ್ದಳು. ಕೇಳಿದವರು ಕೆಮ್ಮಿ ಎದ್ದು ಹೋಗುತ್ತಿದ್ದರು.

ನನ್ನ ಹೆಂಡತಿ ಚಂಪಾವತಿಯ ತವರಿನಲ್ಲಿ ನಾಲ್ಕು ತಲೆಮಾರಿನ ಪಟಗಳೂ ಎದುರಿಗೇ ನೋಡುತ್ತವೆ. ಮದುವೆಯಾದ ಹೊಸದರಲ್ಲೇ ಅವಳು ನನಗೆ ಹೇಳಿದ್ದಳು, "ನಮ್ಮ ಮನೇಲಿ ಎಲ್ರೂ ಕೆಮ್ಮಿ ಕೆಮ್ಮಿ ಸತ್ರು. ಕೆಮ್ಮಿ ಸತ್ರು ಅಂತಾನೇ ಹೇಳ್ತೀವಿ. ಎಷ್ಟು ಚೆನ್ನಾಗಿ ಮುಖ ತೋರಿಸ್ಕೊಂಡು ಕೂತಿದಾರೆ ನೋಡಿ." ಅತ್ತೆಗೆ ಇದು ಕೇಳಿಸಿತ್ತು. ಕೆಮ್ಮಿ ಸತ್ತವರ ಮನೆಯ ಹೆಣ್ಣು ತಂದೆವಲ್ಲ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಕಳೆದ ವರ್ಷ ಅತ್ತೆಗೆ ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ದೀಪ ಹಿಡಿದು ನೋಡಿ, ಕಣ್ಣಿನ ನರವೇ ಒಣಗುತ್ತಿದೆ, ಇದಕ್ಕೆ ಆಪರೇಷನ್ ಇಲ್ಲ, ಬರುವ ಬೇಸಿಗೆಯ ಹೊತ್ತಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ಗೊತ್ತಾದೀತು ಎಂದರು. ಅತ್ತೆ ದಾರಿಯುದ್ದಕ್ಕೂ ಡಾಕ್ಟರ ಅಂಗಿಯ ಗುಂಡಿ ಕಿತ್ತುಹೋಗಿತ್ತು, ನೋಡಿದೆಯಾ ಎಂದು ಅದನ್ನೇ ಮಾತಾಡಿದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಪಟದ ಮುಂದೆ ಹೋಗಿ ನಿಂತಳು.

"ಒಂದ್ಸಲ ಮುಖ ನೋಡ್ಬೇಕಿತ್ತು ಕಣೋ" ಎಂದಳು. ಆಮೇಲೆ ಸೆರಗಿನಿಂದ ಚೌಕಟ್ಟಿನ ಧೂಳು ಒರೆಸುತ್ತ, "ಕತೇಲಿ ಎಲ್ಲೋ ಒಂದು ಸಣ್ಣ ತಪ್ಪಿರ್ಬೇಕು. ಗಂಡು ಚಿರತೆ ಅಂತೀವಿ, ಹೆಣ್ಣು ಚಿರತೆ ಇದ್ದೀತು" ಎಂದಳು.

ಆ ಸಂಜೆ ನಾವು ಹೆಣ್ಣು ಚಿರತೆಯನ್ನು ಹೇಳಿ ನೋಡಿದೆವು. ಎರಡು ಚಿರತೆ ಹೇಳಿದೆವು. ಮರಿ ಹಾಕಿದ ಚಿರತೆ, ಕುಂಟು ಚಿರತೆ, ಕೊನೆಗೆ ಹುಲಿಯನ್ನೂ ಹೇಳಿದೆವು. ಅಜ್ಜನ ಬೆನ್ನು ಬಂಡೆಯ ಹಾಗೆ ಕೂತಿತ್ತು. ಚಂಪಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, "ಪ್ರಾಣಿ ಬದಲಾಯಿಸ್ತಾ ಕೂತ್ರೆ ಕಾಡು ಮುಗಿಯುತ್ತೆ, ಅಜ್ಜ ತಿರುಗಲ್ಲ. ಹೋಗಿ ಕಾಗದ ಪತ್ರ ನೋಡಿ. ಸತ್ತಿದ್ದಕ್ಕೆ ಯಾರಾದ್ರೂ ಎಲ್ಲಾದ್ರೂ ಬರೆದೇ ಇರ್ತಾರೆ" ಎಂದಳು. ಅತ್ತೆ ಸಿಟ್ಟಾಗಲಿಲ್ಲ. ಆಗಲೇ ಅವಳಿಗೆ ಆ ಮುಖ ಎಷ್ಟು ಬೇಕಾಗಿದೆ ಎಂದು ನನಗೆ ಅರ್ಥವಾದದ್ದು.

ಮರುದಿನ ಅತ್ತೆಯನ್ನು ಕರೆದುಕೊಂಡು ಪುರಸಭೆಗೆ ಹೋದೆ. ನಮ್ಮೂರ ಪುರಸಭೆಯಲ್ಲಿ ಹಬ್ಬದ ಮುಂಚೆ ಜನನದ ಕಿಟಕಿಗಿಂತ ಮರಣದ ಕಿಟಕಿಗೇ ಸಾಲು ಹೆಚ್ಚು. ಬೀಗರು ಬರುವ ಮುಂಚೆ ಪಟ ತಿರುಗಿಸಿಕೊಳ್ಳಬೇಕು ಎಂದು ಎಲ್ಲರಿಗೂ ಅವಸರ. ಗುಮಾಸ್ತ ಅಜ್ಜನ ಹೆಸರನ್ನು ಹುಡುಕಿ, "ಜ್ವರ" ಎಂದ. ಅತ್ತೆಗೆ ನಂಬಿಕೆಯಾಗದೆ ಇನ್ನೊಮ್ಮೆ ನೋಡು ಎಂದಳು. ಅವನು ಆ ಪುಸ್ತಕವನ್ನೇ ನಮ್ಮ ಕಡೆ ತಿರುಗಿಸಿದ. ಆ ಪುಟದಲ್ಲಿ ಎಲ್ಲರೂ ಜ್ವರದಿಂದ ಸತ್ತಿದ್ದರು. ಹಿಂದಿನ ಪುಟದಲ್ಲೂ, ಮುಂದಿನ ಪುಟದಲ್ಲೂ. ಬಾವಿಗೆ ಬಿದ್ದವರು, ಗಾಡಿಯ ಕೆಳಗೆ ಸಿಕ್ಕವರು, ಅಣ್ಣತಮ್ಮಂದಿರು ಬಡಿದಾಡಿಕೊಂಡು ಹೋದವರು, ಎಲ್ಲರಿಗೂ ಜ್ವರ.

"ಆಗಿನ ಗುಮಾಸ್ತರಿಗೆ ಬರೆಯಕ್ಕೆ ಬರ್ತಿದ್ದ ಕಾಯಿಲೆ ಅದೊಂದೇ ಅಂತ ಕಾಣ್ತೈತೆ" ಎಂದ ಗುಮಾಸ್ತ, ತಪ್ಪು ತನ್ನದೇನೋ ಎಂಬಂತೆ ಮುಖ ಸಣ್ಣದು ಮಾಡಿಕೊಂಡು. "ಅವ್ರು ಸತ್ತಿದ್ದು ಮಾತ್ರ ಮೆಟ್ಲು ಜಾರಿ. ಅದನ್ನ ಬರೆದೋರು ಅವ್ರ ಶಿಷ್ಯ. ಅವನೂ ಜ್ವರ ಅಂತಾನೇ ಬರೆದವ್ನೆ."

ಆದರೂ ಬಂದದ್ದಕ್ಕೆ ಇರಲಿ ಎಂದು ಮನೆಗೆ ಬಂದು, ಅಜ್ಜ ಜ್ವರ ಬಂದು ಸತ್ತ ಎಂದು ಪಟದ ಮುಂದೆ ಹೇಳಿದೆವು. ಅಜ್ಜನ ಭುಜ ಒಂದಿಷ್ಟು ಕುಲುಕಿದ ಹಾಗಾಯಿತು. ನಕ್ಕನೋ ಬೇಸರಪಟ್ಟುಕೊಂಡನೋ, ಹಿಂದಿನಿಂದ ಹೇಗೆ ತಿಳಿಯಬೇಕು?

ಆಮೇಲೆ ಚಂಪಾ ನನ್ನನ್ನು ವಾಚನಾಲಯಕ್ಕೆ ಅಟ್ಟಿದಳು. ಆ ಕಾಲದಲ್ಲಿ ನಮ್ಮೂರಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಅದರ ಹಳೆಯ ಸಂಚಿಕೆಗಳನ್ನು ಹೊಲಿದು ಕಟ್ಟಿ ಇಟ್ಟಿದ್ದರು, ಗೆದ್ದಲು ಓದಿ ಬಿಟ್ಟಷ್ಟು ಉಳಿದಿತ್ತು. ಅಂಗಡಿ ಬಾಗಿಲು ಹಾಕಿಕೊಂಡು ದಿನವೂ ಮಧ್ಯಾಹ್ನ ಹೋಗಿ ಕೂತೆ. ಕೊನೆಗೆ ಮಾವಿನಹಣ್ಣಿನ ಪೇಟೆಧಾರಣೆಯ ಕೆಳಗೆ ಅಜ್ಜ ಸಿಕ್ಕ. ಸಂಪಾದಕರು ಮರ್ಯಾದಸ್ಥರು, ಯಾರ ಮನಸ್ಸಿಗೂ ನೋವಾಗದಂತೆ ಬರೆಯುವವರು. "ಬೆಕ್ಕಿನ ಜಾತಿಗೆ ಸೇರಿದ ಪ್ರಾಣಿಯೊಂದರ ನಿಮಿತ್ತವಾಗಿ, ಎತ್ತರವಾದ ಸ್ಥಳವೊಂದರಿಂದ, ನಮ್ಮೂರ ತರುಣ ವೀರಭದ್ರಪ್ಪನವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದಿತ್ತು.

ಅದನ್ನು ಬರೆದುಕೊಂಡು ಬಂದು ಓದಿದಾಗ ಅತ್ತೆ ತೊಡೆ ತಟ್ಟಿದಳು. "ನಾನೇನಂದಿದ್ದೆ? ಚಿರತೆ ಯಾವ ಜಾತಿ? ಬೆಕ್ಕಿನ ಜಾತಿ ತಾನೆ?" ಎಂದಳು. ಅಷ್ಟರಲ್ಲಿ ಚಂಪಾ ಗೋಡೆಯ ಕಡೆ ಬೆರಳು ಮಾಡಿದಳು. ರುಮಾಲು ನಿಧಾನವಾಗಿ, ಕೆಟ್ಟ ಗಡಿಯಾರದ ಮುಳ್ಳಿನ ಹಾಗೆ, ಎಡಕ್ಕೆ ಸರಿಯುತ್ತಿತ್ತು. ಪೂರ್ತಿ ಕಿವಿ ಕಂಡಿತು. ಕಿವಿಯ ಮುಂದೆ ಒಂದು ತುಂಡು ಕೆನ್ನೆ ಕಂಡಿತು. ಅಲ್ಲಿಗೆ ನಿಂತಿತು.

ಒಂದು ತುಂಡು ಕೆನ್ನೆಗೆ ನಮ್ಮ ಮನೆಯಲ್ಲಿ ಹಬ್ಬವೇ ಆಯಿತು. ಅತ್ತೆ ಪಟದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು, ಕತ್ತೆತ್ತಿ ನೋಡುತ್ತ ಕೂತಳು. ನೆಂಟರಿಷ್ಟರು ಕೆನ್ನೆ ನೋಡಲು ತೆಂಗಿನಕಾಯಿ ಹಿಡಿದು ಬಂದರು. ಬಂದವರಿಗೆಲ್ಲ ಕಾಫಿಯಾಯಿತು. ಜನ ಸೇರಿದ್ದನ್ನು ಕಂಡ ಅತ್ತೆಗೆ ಉಮೇದು ತಡೆಯಲಾಗದೆ, "ಆ ಚಿರತೆ ಹಿತ್ಲಿಗೆ ನುಗ್ಗಿದ್ದೇ ತಡ" ಎಂದು ಶುರು ಮಾಡಿದಳು. ಎಲ್ಲರ ಎದುರಿಗೇ ಕೆನ್ನೆ ಒಳಗೆ ಹೋಯಿತು. ನೆಂಟರು ಕಾಫಿ ಲೋಟ ಕೆಳಗಿಟ್ಟು, ತಂದ ಕಾಯಿಯನ್ನು ವಾಪಸು ತಗೊಂಡು ಹೋಗುವುದೋ ಬಿಟ್ಟು ಹೋಗುವುದೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದರು.

ಅವತ್ತಿನಿಂದ ಚಂಪಾ ಮನೆಯಲ್ಲಿ ಚಿರತೆ ಎನ್ನುವ ಮಾತನ್ನು ನಿಲ್ಲಿಸಿಬಿಟ್ಟಳು. ಪತ್ರಿಕೆಯ ಸಾಲನ್ನು ಅತ್ತೆಯಿಂದಲೇ ಬಾಯಿಪಾಠ ಮಾಡಿಸಿ ಹೇಳಿಸಿ, ಕೆನ್ನೆಯನ್ನು ಮತ್ತೆ ಹೊರಗೆ ತಂದಳು. ಆಮೇಲೆ ನನಗೆ, "ಎತ್ತರದಿಂದ ಬಿದ್ದೋರಿಗೆ ಪೊಲೀಸರು ಪಂಚನಾಮೆ ಮಾಡದೆ ಬಿಡಲ್ಲ. ಠಾಣೆಗೆ ಹೋಗಿ" ಎಂದಳು.

ಠಾಣೆಯಲ್ಲಿ ಹಳೆಯ ಪಂಚನಾಮೆಗಳ ಗಂಟು ಇತ್ತು. ಆದರೆ ಅದು ಉಪಯೋಗದಲ್ಲಿತ್ತು. ಕರಿಬಸಪ್ಪ ಎಂಬ ಪೇದೆ ಕುಳ್ಳ, ಮೇಜಿನ ಎತ್ತರಕ್ಕೆ ಬರಲು ಆ ಗಂಟನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂರುತ್ತಿದ್ದ. ದಪ್ಪನೆಯ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದು, ಕೂತು ಕೂತು ನಡುವೆ ತಗ್ಗು ಬಿದ್ದಿತ್ತು. "ಇದನ್ನ ಬಿಚ್ಚಿದ್ರೆ ನಾನೆಲ್ಲಿ ಕೂರ್ಲಿ ಸ್ವಾಮಿ? ಬಂದೋರಿಗೆ ನನ್ನ ಟೋಪಿ ಮಾತ್ರ ಕಾಣ್ತೈತೆ" ಎಂದು ಅವನು ಬೇಸರಪಟ್ಟ. ಅವನ ಮಾತಿನಲ್ಲೂ ನ್ಯಾಯವಿತ್ತು. ನಾನು ಸ್ಟುಡಿಯೋದಿಂದ ಮಕ್ಕಳನ್ನು ಕೂರಿಸುವ ಮೆತ್ತೆಯ ಎತ್ತರದ ಸ್ಟೂಲು ತಂದುಕೊಟ್ಟೆ. ಅದರ ಮೇಲೆ ಕೂತು ಎರಡು ಸಲ ಅತ್ತಿತ್ತ ತಿರುಗಿ ನೋಡಿಕೊಂಡು, ಗಂಟು ಬಿಚ್ಚಿಕೊಳ್ಳಲು ಒಪ್ಪಿದ.

ಅಜ್ಜನ ಹಾಳೆ ಸಿಕ್ಕಿತು. ಮಸಿ ಮಾಸಿಹೋಗಿ, ಆ ಮಬ್ಬು ಬೆಳಕಿನಲ್ಲಿ ಅಕ್ಷರ ಇದೆ ಎಂದಷ್ಟೇ ತಿಳಿಯುತ್ತಿತ್ತು. ಹೊರಗೆ ಒಯ್ಯುವ ಹಾಗಿಲ್ಲ ಎಂದ ಕರಿಬಸಪ್ಪ. ಕ್ಯಾಮೆರಾ ತಂದು, ಹಾಳೆಯನ್ನು ಮೇಜಿನ ಮೇಲೆ ಹರಡಿ, ಫೋಟೋ ತೆಗೆದುಕೊಂಡೆ. ಕತ್ತಲೆಕೋಣೆಯಲ್ಲಿ ತೊಳೆದು ದೊಡ್ಡದು ಮಾಡಿದಾಗ ಅಕ್ಷರ ಒಂದೊಂದೇ ಮೇಲೆದ್ದು ಬಂದವು. ನಾನು ಅಲ್ಲೇ ಓದಲಿಲ್ಲ. ಅತ್ತೆಯ ಮುಂದೆ, ಅಜ್ಜನ ಮುಂದೆ ಓದಬೇಕೆಂದು ಒದ್ದೆ ಫೋಟೋವನ್ನೇ ಹಿಡಿದುಕೊಂಡು ಮನೆಗೆ ಓಡಿದೆ.

ಅತ್ತೆ ಸೀರೆ ಬದಲಾಯಿಸಿ ಕೂತಿದ್ದಳು. ನಾನು ಓದಿದೆ. "ಮೃತನು ತನ್ನ ಮನೆಯ ಹಿತ್ತಿಲಿನ ಹುಣಸೇಮರದಿಂದ ಬಿದ್ದು ಮರಣ ಹೊಂದಿರುವುದಾಗಿ ಕಂಡುಬಂದಿರುತ್ತದೆ. ಮೃತನ ಮೈಮೇಲೆ ದೊರೆತ ವಸ್ತುಗಳು. ಎಲೆಯಡಿಕೆ ಚೀಲ ಒಂದು. ಬೀಗದ ಕೈ ಒಂದು. ಅಂಗಿಯ ಜೇಬಿನಲ್ಲಿ ಬಿಳಿಯ ಬೆಕ್ಕಿನ ಮರಿ ಒಂದು, ಜೀವಂತ. ಸದರಿ ಮರಿಯು ಠಾಣೆಯಲ್ಲಿ ಇಡಲು ಯೋಗ್ಯವಲ್ಲದ ಕಾರಣ, ಹಾಗೂ ಸದರಿ ಮರಿಯು ಬಿಡದೆ ಕೂಗುತ್ತಿದ್ದ ಕಾರಣ, ಅದನ್ನು ಮೃತನ ಮಗಳು ಹಾಲಮ್ಮ, ವಯಸ್ಸು ಆರು, ಇವಳ ವಶಕ್ಕೆ ಕೊಟ್ಟು ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ."

ಹಾಳೆಯ ಕೊನೆಯಲ್ಲಿ ಹುಣಸೆಬೀಜದಷ್ಟು ಸಣ್ಣ ಹೆಬ್ಬೆಟ್ಟಿನ ಗುರುತು ಇತ್ತು.

ಯಾರೂ ನಗಲಿಲ್ಲ. ನಗು ಬರಬೇಕಾಗಿತ್ತು, ಎಮ್ಮೆಯಷ್ಟಿದ್ದ ಚಿರತೆ ಜೇಬಿಗೆ ಬಂದಿತ್ತು. ನಾನು ಗೋಡೆ ನೋಡಿದೆ. ಅಜ್ಜ ಇನ್ನಷ್ಟು ತಿರುಗಿದ್ದ. ಪೂರ್ತಿ ಕೆನ್ನೆ, ರೆಪ್ಪೆಯ ಕೂದಲು, ಮೂಗಿನ ತುದಿ ಕಾಣುತ್ತಿದ್ದವು. ನಮ್ಮ ಹಿತ್ತಿಲಿನ ಆ ಹುಣಸೇಮರದಲ್ಲಿ ಪ್ರತಿ ವರ್ಷ ಕಾಯಿ ಜಗ್ಗುತ್ತದೆ, ಆದರೆ ಅಜ್ಜಿಯ ಕಾಲದಿಂದ ನಮ್ಮ ಮನೆಯ ಸಾರಿಗೆ ಹುಣಸೆಹಣ್ಣು ಅಂಗಡಿಯಿಂದಲೇ ಬರಬೇಕು. ಚಿರತೆಯ ಗಾಳಿ ಆ ಮರದಲ್ಲಿದೆ ಎಂದು ಅಜ್ಜಿ ಹೇಳುತ್ತಿದ್ದಳಂತೆ. ಇದೆಲ್ಲ ನನಗೆ ಆಗ ಹೊಳೆಯಿತು.

ಅತ್ತೆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, ಆ ಸಣ್ಣ ಗುರುತಿನ ಪಕ್ಕ ತನ್ನ ಹೆಬ್ಬೆರಳಿಟ್ಟು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಬೆಕ್ಕನ್ನು ಎತ್ತಿ ಕೆಳಗೆ ಬಿಟ್ಟಳು. "ಬೆಕ್ಕು ನಂದೇ ಅಲ್ವಾ. ನಾನು ಅತ್ತಿರ್ತೀನಿ, ಅದಕ್ಕೇ ಹತ್ತವ್ನೆ. ನಮ್ಮಪ್ಪನ್ನ ತಿಂದೋಳು ನಾನೇ" ಎಂದಳು.

ಗೋಡೆಯ ಮೇಲೆ ಮೊಳೆ ಕಿರ್ರೆಂದಿತು. ಮೂಗು, ರೆಪ್ಪೆ, ಕೆನ್ನೆ, ಕಿವಿ, ಎಲ್ಲ ಒಂದೇ ಏಟಿಗೆ ಆ ಕಡೆ ಹೋಗಿ, ಮತ್ತೆ ರುಮಾಲು ಕೋಟು ಮಾತ್ರ ಉಳಿದವು. ಅಷ್ಟು ಬಿರುಸಾಗಿ ಯಾರ ಪಟವೂ ತಿರುಗಿದ್ದನ್ನು ನಾನು ನೋಡಿಲ್ಲ.

"ನೋಡ್ದಾ, ನನ್ನ ಮುಖ ನೋಡಕ್ಕೂ ಬ್ಯಾಡ ಅವ್ನಿಗೆ" ಎಂದು ಅತ್ತೆ ಎದ್ದು ಒಳಗೆ ಹೋಗಿ ಮಲಗಿದಳು. ಊಟಕ್ಕೆ ಕರೆದರೆ ಬರಲಿಲ್ಲ. ಬೆಕ್ಕು ಬಾಗಿಲ ಹೊರಗೆ ಕೂತು ಕೂಗಿದರೆ ಬಾಗಿಲು ತೆಗೆಯಲಿಲ್ಲ. ಅವಳ ಪಾಡಿಗೆ ಅವಳು ಚಿರತೆ ಹೇಳಿಕೊಂಡು ಸುಖವಾಗಿದ್ದಳು, ಕಣ್ಣು ಹೋಗುವ ಹೊತ್ತಿಗೆ ಈ ಭಾರ ತಂದು ಹೊರಿಸಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಅತ್ತೆಗೆ ಈ ಮಾತು ಯಾವತ್ತೂ ಹೊಳೆಯಬಾರದೆಂದೇ ಅಜ್ಜಿ ಚಿರತೆಯನ್ನು ಕಟ್ಟಿದ್ದಿರಬೇಕು.

ಚಂಪಾ ಮಾತ್ರ ಆ ಫೋಟೋವನ್ನು ಅಡಿಗೆಮನೆಗೆ ಒಯ್ದು, ಬೆಳ್ಳುಳ್ಳಿ ಬಿಡಿಸುತ್ತ ಮತ್ತೆ ಮತ್ತೆ ಓದುತ್ತಿದ್ದಳು. "ಅಲ್ಲ ರೀ, ಈ ಊರಲ್ಲಿ ಪಟ ಸಿಟ್ಟಿಗೆ ತಿರುಗಿದ್ದು ಯಾವತ್ತಾದ್ರೂ ಕೇಳಿದೀರಾ?" ಎಂದಳು.

"ಇಲ್ಲ."

"ಸುಳ್ಳು ಹೇಳಿದ್ರೆ ತಿರುಗುತ್ತೆ. ಅತ್ತೆ ಈಗ ಹೇಳಿದ್ದು ಸುಳ್ಳು ಅಂತಾಯ್ತಲ್ಲ. ಅಷ್ಟು ಜೋರಾಗಿ ತಿರುಗಿದಾನೆ ಅಂದ್ರೆ ಶುದ್ಧ ಸುಳ್ಳು." ಅವಳು ಬೆಳ್ಳುಳ್ಳಿ ಕೈಯಲ್ಲೇ ಹಾಳೆಯ ಕೆಳಭಾಗ ತೋರಿಸಿದಳು. "ಮತ್ತೆ ಇದು ಪಂಚನಾಮೆ ಅಂತೀರಿ, ಪಂಚರ ಸಹಿ ಎಲ್ಲಿ? ಬೆಕ್ಕಿನ ರಸೀದಿಗೆ ಮುಗಿದುಹೋಯ್ತಾ? ಇದರ ಹಿಂದಿನ ಮಗ್ಗಲು ತೆಗೆದ್ರಾ ಇಲ್ವಾ ನೀವು?"

ನಾನು ತೆಗೆದಿರಲಿಲ್ಲ. ಊರಿನವರ ಬೆನ್ನನ್ನೆಲ್ಲ ಎರಡು ಕನ್ನಡಿ ಇಟ್ಟು ನೋಡುವವನಿಗೆ, ಒಂದು ಕಾಗದಕ್ಕೆ ಬೆನ್ನಿರುತ್ತದೆ ಎಂದು ಹೊಳೆದಿರಲಿಲ್ಲ. ಚಂಪಾ ಕ್ಯಾಮೆರಾ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು. ಠಾಣೆಯಲ್ಲಿ ಕರಿಬಸಪ್ಪ, ಸ್ಟೂಲು ವಾಪಸು ಕೇಳಲು ಬಂದೆನೇನೋ ಎಂದು ಎರಡೂ ಕೈಯಲ್ಲಿ ಅದರ ಅಂಚು ಹಿಡಿದುಕೊಂಡ. ಅಲ್ಲ ಎಂದು ಗೊತ್ತಾದ ಮೇಲೆ ಹಾಳೆ ಕೊಟ್ಟ.

ಸಂಜೆಯ ಹೊತ್ತಿಗೆ ಚಂಪಾ ಅತ್ತೆಯನ್ನು ಎಬ್ಬಿಸಿ, ಮುಖ ತೊಳೆಸಿ, ಕೈಹಿಡಿದು ತಂದು ಪಟದ ಮುಂದೆ ಕೂರಿಸಿದಳು. ಅತ್ತೆ ಗೋಡೆಯನ್ನು ನೋಡಲಿಲ್ಲ, ನೆಲ ನೋಡುತ್ತ ಕೂತಳು. ನಾನು ಓದಿದೆ.

"ನೆರೆಮನೆಯ ದ್ಯಾಮಕ್ಕ ಕೊಟ್ಟ ಹೇಳಿಕೆ ಏನೆಂದರೆ, ಸದರಿ ಬೆಕ್ಕಿನ ಮರಿಯು ಕೆಳಗಿನ ಕೊಂಬೆಯಲ್ಲಿಯೇ ಇದ್ದಿತು. ಮೃತನು ಅದನ್ನು ಸುಲಭವಾಗಿ ಹಿಡಿದು ಜೇಬಿಗೆ ಹಾಕಿಕೊಂಡನು. ಮಗಳು, ಬೆಕ್ಕು ಸಿಕ್ಕಿತಲ್ಲ ಅಪ್ಪಾ ಇಳಿ ಎಂದು ಕೂಗಿದಳು. ಮೃತನು ಇಳಿಯದೆ ಇನ್ನೂ ಮೇಲಕ್ಕೆ ಹತ್ತಿದನು. ಯಾಕೆಂದು ನಾನು ಕೇಳಲಾಗಿ, ಇಲ್ಲಿಂದ ಕೆರೆಯ ಆಚೆಯ ದಡ ಕಾಣುತ್ತದೆ ದ್ಯಾಮಕ್ಕ, ಇನ್ನೊಂದು ಕೊಂಬೆ ಹತ್ತಿದರೆ ಪೂರ್ತಿ ಕಾಣುತ್ತದೆ ಎಂದನು. ಮೃತನ ಮುಖದಲ್ಲಿ ಆಗ ಬಹಳ ಸಂತೋಷ ಇದ್ದಿತು. ಆ ಕೊಂಬೆಯು ಮುರಿಯಿತು." ಕೆಳಗೆ ಪಂಚರ ಸಹಿಗಳಿದ್ದವು.

ಅಜ್ಜ ಅಲುಗಲಿಲ್ಲ. ನಾನು ಗಾಬರಿಯಾಗಿ ಚಂಪಾಳ ಮುಖ ನೋಡಿದೆ. "ಈ ಸಲ ನೀವು ಓದಿದ್ರೆ ಆಗಲ್ಲ, ಕೆನ್ನೆ ಒಳಗೆ ಹೋದಾಗಲೂ ಅತ್ತೆ ಬಾಯಿಂದಲೇ ಹೇಳಿಸಿದ್ವಲ್ಲ. ಸುಳ್ಳು ಹೇಳ್ದೋರೇ ಹೇಳ್ಬೇಕು" ಎಂದು ಪಿಸುಗುಟ್ಟಿದಳು. ಆಮೇಲೆ ಅತ್ತೆಯ ಪಕ್ಕ ಕೂತು, "ಹೇಳಿ ಅತ್ತೆ. ಇವತ್ತೊಂದಿನ ಇದ್ದದ್ದು ಇದ್ದ ಹಾಗೆ ಹೇಳಿ" ಎಂದಳು.

ಬೆಕ್ಕು ಹೊಂಚು ಹಾಕಿ ಬಂದು ಮಡಿಲು ಹತ್ತಿತು. ಈ ಸಲ ಅವಳು ಇಳಿಸಲಿಲ್ಲ.

"ಬೆಕ್ಕು ಸಿಕ್ಕಿತ್ತು. ನಾನು ಇಳಿ ಅಂದಿದ್ದೆ" ಎಂದಳು, ಮೊದಲ ಸಲ ಕೇಳುತ್ತಿರುವವಳ ಹಾಗೆ. "ಇಳಿ ಅಂದಿದ್ದೆ ಕಣೋ ನಾನು. ನಮ್ಮಪ್ಪ ಕೆರೆ ನೋಡಕ್ಕೆ ಇನ್ನೊಂದು ಕೊಂಬೆ ಹತ್ತಿದ. ಹತ್ತಿ ಬಿದ್ದ. ಚಿರತೆ ಇರ್ಲಿಲ್ಲ."

ರುಮಾಲು ತಿರುಗಿತು. ಕಿವಿ ಬಂತು, ಕೆನ್ನೆ ಬಂತು, ಮೂಗು ಬಂತು. ಮೊಳೆ ಈ ಸಲ ಸದ್ದು ಮಾಡಲಿಲ್ಲ. ಅಜ್ಜ ಪೂರ್ತಿ ನಮ್ಮ ಕಡೆ ತಿರುಗಿ ಕೂತ. ಚಂಪಾ ಹೋಗಿ ದೀಪ ಹಾಕಿದಳು. ನಾನು ಪಟವನ್ನು ಗೋಡೆಯಿಂದ ಇಳಿಸಿ ಅತ್ತೆಯ ತೊಡೆಯ ಮೇಲೆ, ಬೆಕ್ಕಿನ ಪಕ್ಕದಲ್ಲಿ ಇಟ್ಟೆ.

ಮೀಸೆ ಇರಲಿಲ್ಲ. ಮೀಸೆ ಬರಬೇಕಾದ ಜಾಗದಲ್ಲಿ ಒಂದಿಷ್ಟು ನೆರಳಿನ ಹಾಗಿತ್ತು, ಅಷ್ಟೆ. ಕೋಟು ಯಾರದೋ ದೊಡ್ಡವರದು, ಎದೆಯ ಹತ್ತಿರ ಸಡಿಲವಾಗಿ ಜೋತುಬಿದ್ದಿತ್ತು. ಆ ಅಗಲವಾದ ಬೆನ್ನಿನ ಈ ಕಡೆ ಇದ್ದದ್ದು ಇಪ್ಪತ್ತೆರಡು ದಾಟಿದ್ದಾನೋ ಇಲ್ಲವೋ ಎನ್ನುವಂಥ ಹುಡುಗ. ಅಲುಗಾಡಬೇಡ ಎಂದು ಫೋಟೋದವನು ಗದರಿದ್ದಿರಬೇಕು, ನಗು ತಡೆದುಕೊಂಡು ತುಟಿ ಬಿಗಿ ಹಿಡಿದಿದ್ದ. ನನಗಿಂತ ಎಷ್ಟೋ ಚಿಕ್ಕವನು. ಇಷ್ಟು ವರ್ಷ ಇವನಿಗೆ ಹೆದರಿ ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿರಲಿಲ್ಲವೇ ನಾನು ಎನಿಸಿತು.

ಅತ್ತೆ ಕನ್ನಡಕ ತೆಗೆದು, ಸೆರಗಿನಿಂದ ಮೊದಲು ಪಟದ ಗಾಜು, ಆಮೇಲೆ ತನ್ನ ಕಣ್ಣು ಒರೆಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬೆರಳಾಡಿಸಿದಳು. ಅಪ್ಪಾ ಎನ್ನಲು ಬಾಯಿ ತೆರೆದವಳು ಆ ಮುಖ ನೋಡಿ ತಡೆದಳು. ಆಮೇಲೆ, ಚಿಕ್ಕಂದಿನಲ್ಲಿ ನಾನು ಮಂಡಿ ಕೆತ್ತಿಸಿಕೊಂಡು ಬಂದಾಗ ಗದರುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು, "ಬೆಕ್ಕು ಸಿಕ್ತಲ್ಲ ಮಗಾ. ಇಳಿದು ಬರಕ್ಕೇನಾಗಿತ್ತು ನಿಂಗೆ?"